ಹುಳ ಹಣ್ಣಾಗುವ ಹೊತ್ತಿಗೆ ಬುಖಾರಾ

ಕೊಳ್ಳೇಗಾಲ: ಅಂಗಡಿಯ ಚಾಪೆ

ಪರದೇಶಕ್ಕೆ ಹೊರಡುವವರು ಮೊದಲು ಪಂಚಾಂಗ ನೋಡುತ್ತಾರೆ, ಆಮೇಲೆ ಟಿಕೆಟ್ಟು ನೋಡುತ್ತಾರೆ. ನಾವು ಮೂವರು ಹೆಂಗಸರು ನೋಡಿದ್ದು ಹುಳದ ಜ್ವರವನ್ನು.

ಹುಳ ಅಂದರೆ ರೇಷ್ಮೆ ಹುಳ. ಹುಟ್ಟಿದ ಮೇಲೆ ಅದು ನಾಲ್ಕು ಸಲ ಸೊಪ್ಪು ಬಿಟ್ಟು, ತಲೆಯೆತ್ತಿಕೊಂಡು ನಿದ್ದೆ ಹೋಗಿ, ಪೊರೆ ಕಳಚಿ ಏಳುತ್ತದೆ. ನಮ್ಮ ಕಡೆ ಇದಕ್ಕೆ ಜ್ವರ ಅನ್ನುತ್ತೇವೆ. ನಾಲ್ಕನೇ ಜ್ವರ ಕಳೆದ ಮೇಲೆ ಬಕಾಸುರನ ಹಾಗೆ ತಿಂದು, ಒಂದು ದಿನ ತಟಕ್ಕನೆ ತಿನ್ನುವುದು ನಿಲ್ಲಿಸುತ್ತದೆ. ಮೈ ಹೊಳಪಾಗುತ್ತದೆ. ಅದೇ ಹಣ್ಣಾಗುವುದು. ಆವಾಗ ಒಂದೊಂದೇ ಆರಿಸಿ ಗೂಡು ಕಟ್ಟಲು ಬಿಡಬೇಕು. ತಡ ಮಾಡಿದರೆ ಸಿಕ್ಕ ಕಡೆ ನೂಲು ಚೆಲ್ಲಿಕೊಂಡು ಕೂರುತ್ತದೆ. ಉಜ್ಬೇಕಿಸ್ತಾನದ ಯಾವುದಾದರೂ ಹಳ್ಳಿಯಲ್ಲಿ ಹುಳ ಹಣ್ಣಾಗುವ ದಿನ ನಾವು ಅಲ್ಲಿರಬೇಕು ಅನ್ನುವುದು ನನ್ನ ನಾದಿನಿ ಚಿಕ್ಕತಾಯಿಯ ಷರತ್ತು.

ಪ್ರವಾಸದ ಆಸೆ ಹುಟ್ಟಿದ್ದು ಮಾತ್ರ ಅವಳಿಗಲ್ಲ. ಅದು ಯಳಂದೂರಿನ ಸರೋಜಾ ಟೀಚರದ್ದು. ಇತಿಹಾಸ ಪಾಠ ಮಾಡಿ ನಿವೃತ್ತರಾದವರು. ನಾನು ತಲೆಯ ಮೇಲೆ ಗಂಟು ಹೊತ್ತು ಧನಗೆರೆ, ಮುಳ್ಳೂರು ಅಂತ ಬೀದಿ ಬೀದಿ ಸೀರೆ ಮಾರುತ್ತಿದ್ದ ಕಾಲದಿಂದ ನನ್ನ ಗಿರಾಕಿ. ಈಗ ನನಗೆ ಕೊಳ್ಳೇಗಾಲದಲ್ಲಿ ಸ್ವಂತ ಅಂಗಡಿ ಇದೆ. ಅವರು ಗಿರಾಕಿಯಿಂದ ಗೆಳತಿಯಾಗಿದ್ದಾರೆ. ಒಂದು ಸಂಜೆ ಅಂಗಡಿಯ ಚಾಪೆಯ ಮೇಲೆ ಕೂತು ಅಂದರು: "ರಾಜಮ್ಮ, ರೇಷ್ಮೆ ದಾರಿ ಅಂತ ವರ್ಷವರ್ಷ ಬೋರ್ಡಿನ ಮೇಲೆ ಗೆರೆ ಎಳೆದೆ. ಆ ಗೆರೆ ನಿಜಕ್ಕೂ ಇದೆಯಾ ಅಂತ ಒಂದು ಸಲ ನೋಡ್ಬೇಕು."

ಸೀರೆ ಡಬ್ಬದ ರಟ್ಟು ಹರಿದು ಬಿಡಿಸಿದೆ. ಟೀಚರ್ ಅದರ ಮೇಲೆ ತಾಷ್ಕೆಂಟ್, ಸಮರ್‌ಕಂದ್, ಬುಖಾರಾ, ಖೀವಾ ಬರೆದರು. ಹನೂರಿನಿಂದ ಬಂದಿದ್ದ ಚಿಕ್ಕತಾಯಿ ಕಾಫಿ ಕುಡಿಯುತ್ತ ಸುಮ್ಮನೆ ಕೇಳಿದಳು.

"ಅಲ್ಲಿ ಉಳ ಎಲ್ಲಿ ಸಾಕ್ತಾರೆ ಟೀಚರಮ್ಮ?"

"ಮನೆಯೊಳಗೇ ಅಂತೆ. ಹುಳಕ್ಕೆ ಕೋಣೆ ಬಿಟ್ಟುಕೊಟ್ಟು ಮನೆಯವರು ಅಂಗಳದಲ್ಲಿ ಮಲಗ್ತಾರಂತೆ."

"ಅಂಗಾ! ಅಂಗಾರೆ ಒಳ್ಳೆ ಜನ ಕಣ್ರಿ. ನಾನೂ ಬತ್ತೀನಿ. ಆದ್ರ ಉಳ ಅಣ್ಣಾಗ ದಿನ ನಾನಲ್ಲಿರಬೇಕು. ನಿಮ್ಮ ಗೋಪುರ ಗೀಪುರ ಆಮೇಕೆ."

ಚಿಕ್ಕತಾಯಿ ಮದುವೆಯಾದಾಗಿನಿಂದ ಹುಳ ಸಾಕುತ್ತಿದ್ದಾಳೆ. ಒಂದು ಬೆಳೆಯ ಗೂಡು ಮಾರಿ, ಹುಳದ ಮನೆ ತೊಳೆದು, ಮುಂದಿನ ಮರಿಹುಳ ಬರುವ ತನಕ ಸಿಗುವ ಬಿಡುವೇ ಅವಳ ರಜೆ. ಇನ್ನೂ ಒಂದು ಮಾತು ಹೇಳಬೇಕು. ನಾನು ಅವಳ ಸ್ವಂತ ಅತ್ತಿಗೆ, ಬದುಕುವುದೂ ರೇಷ್ಮೆಯಿಂದಲೇ. ಆದರೂ ಮೂವತ್ತು ವರ್ಷದಲ್ಲಿ ಒಂದು ದಿನವೂ ಅವಳು ನನ್ನನ್ನು ಹುಳದ ಮನೆಯ ಹೊಸಿಲು ದಾಟಿಸಿಲ್ಲ. "ನೀವು ಮಲ್ಲಿಗೆ, ಪೌಡ್ರು, ಊರೋರ ಕಣ್ಣು ಎಲ್ಲಾನೂ ಮೈಮ್ಯಾಲೆ ತಕಂಡು ಬತ್ತೀರಿ ಅತ್ಗೆ" ಅನ್ನುತ್ತಾಳೆ. ಹುಳ ಹೇಗಿವೆ ಅಂತ ಕೇಳಿದರೆ ಒಂದೇ ಉತ್ತರ: "ಅವೆ." ಇವೆ, ಅಷ್ಟೇ. ಚೆನ್ನಾಗಿವೆ ಅಂದರೆ ಕಣ್ಣು ಬೀಳುತ್ತದೆ, ಚೆನ್ನಾಗಿಲ್ಲ ಅಂದರೆ ಬಾಯಿ ಬೀಳುತ್ತದೆ. ಗೂಡು ಬಿಡಿಸಿ ರಾಶಿ ಹಾಕುವ ತನಕ ಅವಳ ಬಾಯಿಂದ ಎರಡನೇ ಮಾತು ಹೊರಡದು.

ಮೈಸೂರಿನ ಏಜೆಂಟರೊಬ್ಬರು ಡ್ರೈವರುಗಳ ನಂಬರು ಕೊಟ್ಟರು. ಎಲ್ಲರೂ ಕಾರು ಯಾವುದು, ಏಸಿ ಇದೆಯಾ ಅಂತ ಕೇಳುತ್ತಾರಂತೆ. ನಾವು ಕೇಳಿದ್ದು ಒಂದೇ: ನಿಮ್ಮ ಮನೆಯಲ್ಲಿ ಹುಳ ಸಾಕ್ತೀರಾ? ಮೂವರು ಫೋನ್ ಇಟ್ಟುಬಿಟ್ಟರು. ನಾಲ್ಕನೆಯವನು ಅನ್ವರ. ಅವನಿಗೆ ಅಲ್ಪಸ್ವಲ್ಪ ಹಿಂದಿ ಬರುತ್ತಿತ್ತು, ಟೀಚರಿಗೂ ಅಷ್ಟೇ. "ನನ್ನ ಅತ್ತೆ ಸಾಕ್ತಾರೆ, ಬುಖಾರಾ ಹತ್ತಿರದ ಹಳ್ಳಿ" ಅಂದ. ಹುಳಕ್ಕೆ ಎಷ್ಟನೇ ಜ್ವರ ಅಂತ ಅತ್ತೆಯನ್ನು ಕೇಳಿಸಿ, ಚಿಕ್ಕತಾಯಿ ಬೆರಳು ಮಡಚಿ ದಿನ ಎಣಿಸಿದಳು. ರಟ್ಟಿನ ಮೇಲೆ ಬುಖಾರಾ ಆದ ಮೇಲೆ ಖೀವಾ, ಅಲ್ಲಿಂದ ಹಿಂದಿರುಗುವಾಗ ಕೊನೆಗೆ ಹಳ್ಳಿ ಅಂತ ಆಯಿತು. ಬಾಡಿಗೆಯನ್ನು ನಾನು ಮಾತಾಡಿದೆ. ಅದರಲ್ಲಿ ನನಗೆ ಯಾರೂ ಬುದ್ಧಿ ಹೇಳಬೇಕಾಗಿಲ್ಲ.

ತಾಷ್ಕೆಂಟ್ ಬಿಟ್ಟ ಮೇಲೆ

ಆ ದೇಶದಲ್ಲಿ ಕಾರೆಲ್ಲ ಬಿಳಿ. ಇದು ತಮಾಷೆಯಲ್ಲ. ಮೊದಲ ದಿನವೇ ಪೆಟ್ರೋಲ್ ಬಂಕಿನಲ್ಲಿ ಇಳಿದು ಬಂದು ನೋಡಿದರೆ ಚಿಕ್ಕತಾಯಿ ಇಲ್ಲ. ಅನ್ವರ ಬೆವರಿದ, ಟೀಚರ್ ಅಳುಮೋರೆ ಮಾಡಿದರು. ಮೂರು ಕಾರಿನಾಚೆ ಇನ್ನೊಂದು ಬಿಳಿ ಕಾರಿನಲ್ಲಿ ಅವಳು ಸೀಟಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಿದ್ದಳು. ಪಕ್ಕದಲ್ಲಿ ಯಾರದೋ ಅಜ್ಜಿ, ಮುಂದೆ ಯಾರದೋ ಗಂಡ ಹೆಂಡತಿ. ನಾಲ್ಕೂ ಜನ ನಮ್ಮ ಕೋಡುಬಳೆ ಕಡಿಯುತ್ತಿದ್ದರು.

"ಈಯಮ್ಮ ಯಾರಮ್ಮಿ?" ಅಂದೆ.

"ನಂಗೇನ್ ಗೊತ್ತು ಅತ್ಗೆ? ನಾನು ಕಾರು ಅತ್ತಿದೆ, ಇವ್ರೂ ಅತ್ತಿದ್ರು. ಅನ್ವರನ ಕಡೇರು ಅನ್ಕಂಡೆ."

ಕೋಡುಬಳೆಗೆ ಬದಲು ಆ ಅಜ್ಜಿ ನಮಗೆ ಒಂದು ದೊಡ್ಡ ರೊಟ್ಟಿ ಕೊಟ್ಟಳು. ಅವತ್ತೇ ಅರಿಶಿನ ಬಣ್ಣದ ಸೀರೆಯ ತುಂಡೊಂದನ್ನು ನಮ್ಮ ಕಾರಿನ ಕನ್ನಡಿಗೆ ಕಟ್ಟಿದೆ. ನೀವು ಆ ಕಡೆ ಹೋದರೆ ಮರೆಯದೆ ಬಣ್ಣದ ಬಟ್ಟೆ ಒಯ್ಯಿರಿ, ಹಾಗೇ ಕೋಡುಬಳೆಯನ್ನೂ.

ದಾರಿಯ ಎರಡೂ ಕಡೆ ಹಿಪ್ಪುನೇರಳೆ. ನಮ್ಮ ಹನೂರಿನಲ್ಲಿ ಅದು ಕತ್ತರಿಸಿ ಕತ್ತರಿಸಿ ಸೊಂಟದೆತ್ತರಕ್ಕೆ ನಿಲ್ಲಿಸಿದ ಗಿಡ. ಅಲ್ಲಿ ಅದು ಹುಣಸೆಯ ಹಾಗೆ ಮರ. ಮೇ ತಿಂಗಳು, ಬಿಳಿ ಹಣ್ಣು ಉದುರಿ ರಸ್ತೆಯೆಲ್ಲ ಅಂಟಂಟು. ಐದು ನಿಮಿಷಕ್ಕೊಮ್ಮೆ ಹಿಂದಿನ ಸೀಟಿನಿಂದ "ನಿಲ್ಸು ಕಣಪ್ಪ" ಎಂಬ ಆಜ್ಞೆ. ಇಳಿದು ಎಲೆ ಕಿತ್ತು, ಬೆರಳಲ್ಲಿ ಉಜ್ಜಿ, ನಾನು ಸೀರೆಯ ಸೆರಗು ಮುಟ್ಟಿ ನೋಡುವ ಹಾಗೆ ನೋಡುತ್ತಿದ್ದಳು. "ಅಯ್ಯೋ ಸಿವ್ನೆ, ಇಷ್ಟು ಸೊಪ್ಪು ರೋಡಲ್ಲಿ ಬಿಟ್ಟವ್ರಲ್ಲ!" ಅನ್ವರನಿಗೆ ಕನ್ನಡ ಬಾರದು. ಆದರೆ ಎರಡನೇ ದಿನಕ್ಕೆ "ನಿಲ್ಸು" ಕಲಿತಿದ್ದ. ಮೂರನೇ ದಿನಕ್ಕೆ ಮರ ಕಂಡರೆ ತಾನೇ "ನಿಲ್ಸು?" ಅಂತ ಕೇಳುತ್ತಿದ್ದ.

ಸಮರ್‌ಕಂದ್: ಅರ್ಧ ಬಟ್ಟಲು

ಸಮರ್‌ಕಂದಿನ ದೊಡ್ಡ ಚೌಕದಲ್ಲಿ ಮೂರು ಮಹಾ ಕಟ್ಟಡಗಳು ಎದುರುಬದುರು ನಿಂತಿವೆ, ಮೈತುಂಬ ನೀಲಿ ಹೆಂಚು. ಟೀಚರ್ ಒಂದೊಂದರ ಮುಂದೂ ತಲೆಯೆತ್ತಿ ನಿಂತು ನಿಂತು ನೋಡಿದರು. ಆಮೇಲೆ ಕಣ್ಣೊರೆಸಿಕೊಂಡು, "ಗೆರೆ ಸರಿಯಾಗೇ ಎಳೆದಿದ್ದೆ" ಅಂದರು. ಮರುಕ್ಷಣ ಯಳಂದೂರು ನೆನಪಾಗಿಬಿಟ್ಟಿತು. "ಆದ್ರೂ ನಮ್ಮೂರ ದೇವಸ್ಥಾನದ ಬಳೆ ಮಂಟಪದ ಕಲ್ಲಿನ ಸರಪಳಿ ಇವರ ಹತ್ರ ಇಲ್ಲ, ರಾಜಮ್ಮ."

ನಾನು ಎಡವಿದ್ದು ಅಂದು ಮಧ್ಯಾಹ್ನ. ಅನ್ವರನ ಗೆಳೆಯನೊಬ್ಬ ಮನೆಗೆ ಕರೆದು ಮಂಚದಂಥ ಕಟ್ಟೆಯ ಮೇಲೆ ಕೂರಿಸಿದ. ಒಣದ್ರಾಕ್ಷಿ, ರೊಟ್ಟಿ, ಬಾದಾಮಿ. ಹಿಡಿಯಿಲ್ಲದ ಪುಟ್ಟ ಬಟ್ಟಲಿಗೆ ಹಸಿರು ಚಹಾ ಸುರಿದ. ಸುರಿದನೋ ತೋರಿಸಿದನೋ, ತಳ ಒದ್ದೆಯಾಗುವಷ್ಟು. ನಾನು ಕೊಳ್ಳೇಗಾಲದವಳು. ಯಾರಾದರೂ ಅಳತೆಯಲ್ಲಿ ಕೈ ಹಿಡಿದರೆ ನನಗೆ ಸುಮ್ಮನಿರಲು ಆಗುವುದಿಲ್ಲ. ಬಟ್ಟಲು ಮುಂದೆ ಹಿಡಿದು, ಬೆರಳಲ್ಲಿ ಅಂಚು ತೋರಿಸಿ, ಇಲ್ಲಿ ತನಕ ಹಾಕಪ್ಪ ಅಂದೆ. ಅವನ ಮುಖ ಬಾಡಿತು. ಹಾಕಿದ. ತುಳುಕುವ ಹಾಗೆ ಹಾಕಿದ.

ಅನ್ವರ ತಲೆ ಚಚ್ಚಿಕೊಂಡ. ಟೀಚರ್ ಕೇಳಿ ಹೇಳಿದರು: "ರಾಜಮ್ಮ, ಇಲ್ಲಿ ಸ್ವಲ್ಪ ಸ್ವಲ್ಪವೇ ಹಾಕಿದ್ರೆ ಮತ್ತೆ ಮತ್ತೆ ಹಾಕ್ತೀನಿ, ಕೂತಿರಿ ಅಂತ ಅರ್ಥ. ತುಂಬಿಸಿಕೊಟ್ರೆ ಇನ್ನು ಎದ್ದು ಹೋಗಿ ಅಂತ. ನೀವು ಬಂದ ಐದು ನಿಮಿಷಕ್ಕೆ ನಮ್ಮನ್ನೆಲ್ಲ ಓಡಿಸಿ ಅಂತ ಕೇಳಿದ್ರಿ."

ಚಿಕ್ಕತಾಯಿ ಕಟ್ಟೆಯ ಮೇಲೆ ಬಿದ್ದು ಬಿದ್ದು ನಕ್ಕಳು. ಅವಳ ನಗು ನೋಡಿ ಆತನ ಹೆಂಡತಿ ನಕ್ಕಳು, ಆತನೂ ನಕ್ಕ. ನನ್ನ ತುಂಬಿದ ಬಟ್ಟಲನ್ನು ಗಿಡಕ್ಕೆ ಚೆಲ್ಲಿ ಮತ್ತೆ ತಳ ಒದ್ದೆ ಮಾಡಿಕೊಟ್ಟ. ಹನ್ನೊಂದು ಸಲ ಕುಡಿದೆ. ಚೌಕಾಸಿ ಮಾಡದೆ ಲಾಭವಾದದ್ದು ಅದೇ ಮೊದಲು.

ಬುಖಾರಾ: ಎರಡು ಕೊಂಡರೆ ಮೂರನೆಯದು

ಬುಖಾರಾದಲ್ಲಿ ಒಂದು ಹಳೆಯ ಕೊಳ, ಸುತ್ತ ಪುರಾತನ ಹಿಪ್ಪುನೇರಳೆ ಮರಗಳು. ಕೆಲವು ಒಣಗಿ ಕೊರಡಾಗಿವೆ, ಆದರೂ ಕಡಿದಿಲ್ಲ. ಚಿಕ್ಕತಾಯಿ ಒಂದೊಂದು ಮರಕ್ಕೂ ಕೈಮುಗಿದು ಸುತ್ತು ಬಂದಳು. ಮಾದಪ್ಪನ ಬೆಟ್ಟಕ್ಕೆ ನಡೆದು ಹೋದಾಗ ಮಾಡುವ ಹಾಗೆಯೇ.

ಮಾರನೆಯ ದಿನ ಮರಳುಗಾಡು ದಾಟಿ ಖೀವಾಕ್ಕೆ ಹೋಗುವುದಿತ್ತು. ಮಣ್ಣಿನ ಕೋಟೆಯ ಊರು. ಟೀಚರ್ ಗೆರೆಯ ಕೊನೆಯ ಚುಕ್ಕಿ. ಹೊರಡುವ ಮೊದಲು ಗುಮ್ಮಟದ ಬಜಾರಿಗೆ ಹೋದೆ. ಅಲ್ಲಿ ಅತ್ತರು ಮಾರುವವನ ಜೊತೆ ಒಂದೂವರೆ ಗಂಟೆ ಜಗ್ಗಾಡಿದೆ. ಅವನು ಎದೆ ಮುಟ್ಟಿಕೊಂಡ, ನಾನು ಎದ್ದು ಹೊರಟೆ. ಅವನು ಕರೆದ, ನಾನು ಕೇಳಿಸದವಳ ಹಾಗೆ ನಡೆದೆ. ತಿಳಿದಿರಲಿ, ಎಂಟು ಹೆಜ್ಜೆಯ ಒಳಗೆ ತಿರುಗಬಾರದು. ಎರಡು ಸೀಸೆಗೆ ಮೂರನೆಯದನ್ನು ಬಿಟ್ಟಿ ತಂದೆ. ಗೆದ್ದ ಹುಮ್ಮಸ್ಸಿನಲ್ಲಿ ಮೂವರ ಕತ್ತಿಗೂ ಕೈಗೂ ಸೆರಗಿಗೂ ಧಾರಾಳವಾಗಿ ಬಳಿದೆ.

ಆಗಲೇ ಅನ್ವರನ ಫೋನು ಬಡಿದುಕೊಂಡಿತು. ಅವನ ಅತ್ತೆ. ಬಿಸಿಲು ಏರಿ ಹುಳ ಅವಸರ ಮಾಡಿವೆ. ಬೆಳಿಗ್ಗೆಯಿಂದ ಸೊಪ್ಪು ಮುಟ್ಟುತ್ತಿಲ್ಲವಂತೆ.

ಚಿಕ್ಕತಾಯಿ ಟೀಚರ್ ಮುಖ ನೋಡಿ ತಲೆ ತಗ್ಗಿಸಿದಳು. ಹಳ್ಳಿ ಇರುವುದು ಹಿಂದಕ್ಕೆ, ಗಿಜ್ದುವಾನ್ ಪಟ್ಟಣದ ಆಚೆ; ಖೀವಾ ಮುಂದಕ್ಕೆ. ಖೀವಾಕ್ಕೆ ಹೋಗಿ ಬರುವಷ್ಟರಲ್ಲಿ ಹುಳವೆಲ್ಲ ಗೂಡಿನೊಳಗೆ. ಹಳ್ಳಿಗೆ ಹೋದರೆ ಖೀವಾಕ್ಕೆ ದಿನ ಉಳಿಯದು.

"ಎರಡು ದಿನ ತಡೆಯೋಕೆ ಆಗಲ್ವೇನಮ್ಮಿ? ನೆರಳಲ್ಲಿ ಇಡೋಕೆ ಹೇಳನ?" ಅಂದೆ.

"ಉಳದತ್ರಾನೂ ಚೌಕಾಸಿ ಮಾಡ್ತೀರಾ ಅತ್ಗೆ?" ಅಂದಳು. ನಗಲು ಹೋದಳು, ಆಗಲಿಲ್ಲ. "ಓಗ್ಲಿ ಬುಡಿ. ಟೀಚರಮ್ಮ ಎಷ್ಟು ವರ್ಸದಿಂದ ಕಾದವ್ರೆ."

ಟೀಚರ್ ಚೀಲದಿಂದ ಆ ರಟ್ಟು ತೆಗೆದರು. ಕನ್ನಡಕ ಏರಿಸಿ ನೋಡಿದರು. ಆಮೇಲೆ ಪೆನ್ನು ತೆಗೆದು ಖೀವಾದ ಮೇಲೆ ಒಂದು ಅಡ್ಡಗೆರೆ ಎಳೆದರು, ತಪ್ಪು ಉತ್ತರಕ್ಕೆ ಹಾಕುವ ಹಾಗೆ. "ಕೋಟೆ ಅಲ್ಲೇ ಇರುತ್ತೆ ಚಿಕ್ಕತಾಯಿ. ಕೋಟೆಗೇನು ಜ್ವರ ಬರುತ್ತಾ? ಅನ್ವರ್, ಗಾಡಿ ತಿರುಗಿಸು."

ಗಿಜ್ದುವಾನ್ ಆಚೆಯ ಹಳ್ಳಿ

ಅರ್ಧ ದಾರಿಯಲ್ಲಿ ಚಿಕ್ಕತಾಯಿ ಮೂಗೆಳೆದಳು. ತನ್ನ ಸೆರಗು ಮೂಸಿದಳು. ನನ್ನನ್ನು ಮೂಸಿದಳು. "ನಿಲ್ಸು!" ಎಂದು ಕಿರುಚಿದಳು. ಸುತ್ತ ಒಂದೂ ಮರವಿರಲಿಲ್ಲ, ಅನ್ವರ ಗಾಬರಿಯಾದ.

ಹುಳದ ಹತ್ತಿರ ಹೊಗೆಸೊಪ್ಪು, ಸೊಳ್ಳೆಬತ್ತಿ, ಸೆಂಟು ಯಾವುದೂ ಸುಳಿಯಬಾರದು ಅನ್ನುವುದು ನಮ್ಮ ಕಡೆ ಹುಳ ಸಾಕುವ ಮನೆಯಲ್ಲಿ ಹುಟ್ಟಿದ ಕೂಸಿಗೂ ಗೊತ್ತು. ನಾನು ಮೂರು ಸೀಸೆ ಗೆದ್ದ ಸಂತೋಷದಲ್ಲಿ ಅದನ್ನು ಮರೆತಿದ್ದೆ. ಕಾಲುವೆಯ ಪಕ್ಕ ನಿಲ್ಲಿಸಿ ಸೋಪು ಹಾಕಿ, ಮಣ್ಣು ಹಾಕಿ, ಅವಳು ನನ್ನ ಕತ್ತನ್ನು ಪಾತ್ರೆ ಬೆಳಗುವ ಹಾಗೆ ಉಜ್ಜಿದಳು. ಅತ್ತರು ಹೋಗಲಿಲ್ಲ. ನೀರು ಬಿದ್ದು ಇನ್ನಷ್ಟು ಗಮ್ಮೆಂದಿತು. ಒಳ್ಳೆಯ ಮಾಲು, ಅದನ್ನು ಒಪ್ಪಿಕೊಳ್ಳಬೇಕು.

ಅನ್ವರನ ಅತ್ತೆಯ ಹೆಸರು ರಾನೋ. ನಮ್ಮದೇ ವಯಸ್ಸು, ತಲೆಗೆ ಬಣ್ಣದ ವಸ್ತ್ರ. ಗೇಟಿನಲ್ಲಿ ಎದೆಗೆ ಕೈಯಿಟ್ಟು ಬಗ್ಗಿದಳು, ದ್ರಾಕ್ಷಿ ಚಪ್ಪರದ ಕೆಳಗೆ ಕೂರಿಸಿದಳು. ಅಂಗಳದ ತುಂಬ ಮಡಚಿಟ್ಟ ಹಾಸಿಗೆಗಳು. ಮನೆಯನ್ನು ಹುಳಕ್ಕೆ ಬಿಟ್ಟಿದ್ದರು. ಕೋಣೆಯ ಬಾಗಿಲಿಗೆ ದಪ್ಪ ಪರದೆ. ಅನ್ವರ ಅತ್ತೆಯ ಜೊತೆ ಮಾತಾಡಿ, ಕಿವಿ ಕೆಂಪಗೆ ಮಾಡಿಕೊಂಡು ಬಂದ. ಹೊರಗಿನವರು ಒಳಗೆ ಬರುವ ಹಾಗಿಲ್ಲವಂತೆ. ಅಳಿಯನಾದ ತನಗೂ ಇಲ್ಲವಂತೆ.

ನಾನು ಎದ್ದೆ. ಇಂಥ ಬಾಗಿಲು ಎಷ್ಟು ತೆಗೆಸಿಲ್ಲ! "ಕೇಳಿ ಟೀಚರ್, ಕಿಟಕಿಯಿಂದ. ಒಬ್ಬಳು. ಒಂದು ನಿಮಿಷ."

ಚಿಕ್ಕತಾಯಿ ನನ್ನ ಕೈ ಹಿಡಿದು ಕೂರಿಸಿದಳು. "ಸುಮ್ಕಿರಿ ಅತ್ಗೆ. ನಮ್ಮನೇಗೆ ಯಾರಾರ ಇಂಗೆ ಬಂದು ಕೇಳಿದ್ರೆ ನಾನು ಬುಟ್ಬುಡ್ತಿದ್ನಾ? ಆಯಮ್ಮ ಸರ್ಯಾಗೆ ಮಾಡವ್ಳೆ."

ಕಣ್ಣು ತುಂಬಿತ್ತು. ಆದರೂ ಬೆರಳು ಒದ್ದೆ ಮಾಡಿ ಗಾಳಿಗೆ ಹಿಡಿದಳು. ಗಾಳಿ ನಮ್ಮ ಕಡೆಯಿಂದ ಕಿಟಕಿಯತ್ತ ಬೀಸುತ್ತಿತ್ತು. ತಕ್ಷಣ ನನ್ನನ್ನೂ ಟೀಚರನ್ನೂ ರಟ್ಟೆ ಹಿಡಿದೆಬ್ಬಿಸಿ, ಅಂಗಳ ದಾಟಿಸಿ, ಕೋಣೆಯ ಆಚೆ ಮೂಲೆಗೆ ದಬ್ಬಿದಳು. ತಾನೂ ಬಂದು ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಿಂತಳು. ಅಲ್ಲಿಂದ ಕಿಟಕಿಯೂ ಕಾಣದು. ಏಳು ಸಮುದ್ರ ದಾಟಿ ಬಂದವಳ ಹಾಗೆ ಬಂದು, ನೋಡಬೇಕಾದದ್ದಕ್ಕೆ ಬೆನ್ನು ಹಾಕಿ ನಿಂತಿದ್ದಳು.

ರಾನೋ ಚಹಾದ ಕೆಟಲು ಹಿಡಿದು ಇದನ್ನೆಲ್ಲ ನೋಡುತ್ತಿದ್ದಳು. ಏನೋ ಕೇಳಿದಳು. ಅನ್ವರ ಹಲ್ಲು ಬಿಟ್ಟ. "ಈಕೆ ಹುಳ ಸಾಕುವವಳಾ ಅಂತ ಕೇಳ್ತಿದ್ದಾರೆ."

ನಮ್ಮ ಉತ್ತರಕ್ಕೆ ಕಾಯದೆ ಒಳಗೆ ಹೋಗಿ, ಎಲೆಯ ಮೇಲೆ ಒಂದೇ ಒಂದು ಹುಳ ತಂದಳು. ತೋಳು ಚಾಚಿ ದೂರದಿಂದ ತೋರಿಸಿದಳು. ಚಿಕ್ಕತಾಯಿ ಮುಟ್ಟಲಿಲ್ಲ. ಬಿಸಿಲಿಗೆ ಹಿಡಿ ಅಂತ ಸನ್ನೆ ಮಾಡಿದಳು. ಬೆಳಕು ಹುಳದ ಕತ್ತಿನಲ್ಲಿ ಹಾದು ಹೊನ್ನಿನ ಬಣ್ಣ ಕಂಡಿತು.

"ಅಣ್ಣಾಗದೆ. ಈಗ್ಲೇ ಎತ್ತಬೇಕು. ಮಿಕ್ಕವೂ ಒತ್ತು ಮುಳುಗದ್ರೊಳಗೆ" ಅಂದಳು, ಕನ್ನಡದಲ್ಲೇ. ಕೈಯಲ್ಲಿ ಒಂದೊಂದೇ ಆರಿಸಿ ಏರಿಸುವ ಹಾಗೆ ಮಾಡಿ, ಸೂರ್ಯನನ್ನು ತೋರಿಸಿದಳು. ಅನುವಾದ ಮಾಡಲು ಟೀಚರ್ ಬಾಯಿ ತೆಗೆಯುವಷ್ಟರಲ್ಲಿ ರಾನೋ ಅವಳ ಮುಂಗೈ ಹಿಡಿದಾಗಿತ್ತು. ಎಳೆದುಕೊಂಡು ಹೋಗಿ ಅತ್ತರು ಹೋಗುವ ತನಕ ಕತ್ತಿನಿಂದ ಕೆಳಗೆ ಬಿಸಿನೀರು ಹುಯ್ದಳು, ತನ್ನದೇ ಉದ್ದನೆಯ ಅಂಗಿ ತೊಡಿಸಿದಳು. ಅಲೆಅಲೆ ಬಣ್ಣದ ಅಂಗಿ, ತಲೆಗೆ ವಸ್ತ್ರ, ಹಣೆಯಲ್ಲಿ ಮಾತ್ರ ಅಳಿಸದ ವಿಭೂತಿ. ಹನೂರಿನ ಚಿಕ್ಕತಾಯಿ ಪರದೆ ಸರಿಸಿ ಒಳಗೆ ಹೋದಳು.

ಪರದೆ ಸರಿದಾಗ ನನಗೆ ಕಂಡದ್ದು ಬರೀ ಕತ್ತಲೆ.

ಅತ್ತರಿನ ನನಗೂ ಟೀಚರಿಗೂ ಹೊರಗಿನ ಕೆಲಸ. ಅಲ್ಲಿ ಹುಳ ಗೂಡು ಕಟ್ಟುವುದು ಒಣ ಪೊದೆಯ ಕಂತೆಗಳಲ್ಲಿ. ಗಾಳಿ ನೋಡಿಕೊಂಡು ಮೂಲೆಯಲ್ಲಿ ಕೂತು, ಕಡ್ಡಿ ಆರಿಸಿ ಕಂತೆ ಕಟ್ಟಿದೆವು. ಅನ್ವರ ಅವನ್ನು ಬಿಸಿಲಿಗೊಡ್ಡಿ, ಬಾಗಿಲ ತನಕ ಹೊತ್ತ. ಟೀಚರ್ ಕೈಯೆಲ್ಲ ಗೀರು. "ಸಮರ್‌ಕಂದ್‌ನಲ್ಲಿ ನೋಡಿದೆ, ಇಲ್ಲಿ ಕೆಲಸ ಮಾಡ್ದೆ. ಇದೇ ಜಾಸ್ತಿ" ಅಂದು ಮಕ್ಕಳ ಹಾಗೆ ನಗುತ್ತಿದ್ದರು. ಒಳಗಿಂದ ಎರಡು ಭಾಷೆಯ ಗದರಿಕೆ, ನಗು ಬರುತ್ತಿತ್ತು. ಅವರಿಬ್ಬರ ನಡುವೆ ಒಂದು ಪದವೂ ಸಮಾನವಿರಲಿಲ್ಲ, ಒಂದು ಕ್ಷಣ ಮೌನವೂ ಇರಲಿಲ್ಲ.

ಹೊತ್ತು ಮುಳುಗುವಾಗ ಚಿಕ್ಕತಾಯಿ ಹೊರಗೆ ಬಂದಳು. ತಲೆವಸ್ತ್ರ ಜಾರಿತ್ತು, ತೋಳಿಗೆ ನೂಲಿನ ಎಳೆ ಅಂಟಿತ್ತು. ನಾನು ಓಡಿದೆ.

"ಎಂಗವೆ ಅಮ್ಮಿ?"

ನನ್ನನ್ನು ನೋಡಿದಳು. ಬಾಗಿಲಲ್ಲಿ ನಿಂತ ರಾನೋಳನ್ನು ನೋಡಿದಳು.

"ಅವೆ" ಅಂದಳು.

ರಾನೋ ಚಹಾ ತಂದಳು. ನನ್ನ ಬಟ್ಟಲಿಗೆ ತಳ ಒದ್ದೆಯಾಗುವಷ್ಟೇ ಸುರಿದಳು. ನಾನು ಕುಡಿದು, ಮತ್ತೆ ಅಷ್ಟಕ್ಕೇ ಬಟ್ಟಲು ಚಾಚಿದೆ.

ದಾರಿಯುದ್ದಕ್ಕೂ, ವಿಮಾನದಲ್ಲೂ ನಾನು ಅವಳ ಬಾಯಿ ಬಿಡಿಸುವ ಪ್ರಯತ್ನ ಬಿಡಲಿಲ್ಲ. ಮೂರೂ ಸೀಸೆ ಅತ್ತರು ಕೊಡುತ್ತೇನೆ ಅಂದೆ. ಎದ್ದು ಹೋದ ಹಾಗೆ ಮಾಡಿದೆ. ವಿಮಾನದಲ್ಲಿ ಎಂಟು ಹೆಜ್ಜೆಗೆ ಶೌಚಾಲಯ ಬಂತು. ಟೀಚರ್ ಕೊನೆಗೆ, "ಒಂದು ವಾಕ್ಯದಲ್ಲಿ ಉತ್ತರಿಸು ಚಿಕ್ಕತಾಯಿ, ಹುಳ ಹೇಗಿದ್ದವು?" ಅಂದರು.

"ಇದ್ದೋ" ಅಂದಳು. ಕಾಲ ಬದಲಾಗಿತ್ತು, ಮಾಹಿತಿ ಅಷ್ಟೇ.

ಹನೂರು

ಊರಿಗೆ ಬಂದು ಒಂದು ವಾರದ ಮೇಲೆ ಅನ್ವರನ ಫೋಟೊ ಬಂತು. ದ್ರಾಕ್ಷಿ ಚಪ್ಪರದ ಕೆಳಗೆ ಬೆಳ್ಳನೆಯ ಗೂಡಿನ ರಾಶಿ, ಮೇಲೆ ಅಂಗೈ ಊರಿ ಕೂತ ರಾನೋ. ಅಂಗಡಿಗೆ ಬೀಗ ಹಾಕಿ ಹನೂರಿನ ಬಸ್ಸು ಹತ್ತಿದೆ. ಅಂದು ಬೆಳಿಗ್ಗೆ ತಲೆಗೆ ಹೂವಿರಲಿಲ್ಲ, ಮುಖಕ್ಕೆ ಪೌಡರಿರಲಿಲ್ಲ. ಬೇಕೆಂದೇ ಹಾಕಿರಲಿಲ್ಲವೋ, ಅವಸರದಲ್ಲಿ ಮರೆತೆನೋ, ನನಗೇ ತಿಳಿಯದು.

ಚಿಕ್ಕತಾಯಿ ಹುಳದ ಮನೆಯ ಬಾಗಿಲಲ್ಲಿ ನಿಂತಿದ್ದಳು. ಫೋಟೊ ಹಿಡಿದು ರಾಶಿಯನ್ನು ಬೆರಳಲ್ಲಿ ದೊಡ್ಡದು ಮಾಡಿ ಮಾಡಿ ನೋಡಿದಳು. ಜಗಲಿಯ ಮೇಲೆ ಕುಕ್ಕರಿಸಿದಳು, ಶುರುವಾದಳು. ಕೋಣೆ ಎಷ್ಟುದ್ದ, ಕೊಂಬೆಯ ಮೇಲೆ ಕೊಂಬೆ ಸೊಪ್ಪು ಹೇಗೆ ಹಾಕಿದ್ದರು, ಹುಳ ಹೆಬ್ಬೆರಳಿಗಿಂತ ದಪ್ಪ, ಒಂದಾದರೂ ರೋಗದ್ದು ಬೇಕಲ್ಲ ಅತ್ಗೆ, ಒಂದಿರಲಿಲ್ಲ, ನಾನು ಆರಿಸಿಕೊಟ್ಟದ್ದನ್ನ ಆಯಮ್ಮ ಮತ್ತೆ ನೋಡದೆ ಏರಿಸ್ತಿದ್ಲು. ಎರಡು ಬಸ್ಸು ಹೋದವು. ನಾನು ಏಳಲಿಲ್ಲ.

ಮಾತು ಮುಗಿದ ಮೇಲೆ ಹತ್ತಿರ ಬಂದು ನನ್ನ ಕತ್ತು ಮೂಸಿದಳು.

"ಮೈಗೇನೂ ಅಚ್ಕಂಡಿಲ್ವಲ್ಲ?"

"ಇಲ್ಲ ಕಣಮ್ಮಿ."

"ಕೈಕಾಲು ತೊಳ್ಕಂಡು ಬನ್ನಿ ಅಂಗಾರೆ."

ಮೂವತ್ತು ವರ್ಷದ ಮೇಲೆ ಆ ಹೊಸಿಲು ದಾಟಿದೆ. ಒಳಗೆ ತಂಪು, ಮಬ್ಬು, ಎಲೆಯ ಮೇಲೆ ಸಾಸಿವೆಯಂಥ ಮರಿಗಳು. ಅಷ್ಟು ಮಾತ್ರ ಹೇಳಬಲ್ಲೆ.

ಬಸ್‌ಸ್ಟಾಂಡಿನಲ್ಲಿ ಅವಳ ಪಕ್ಕದ ಮನೆಯ ಹೆಂಗಸು ಸಿಕ್ಕಿದಳು. "ನೀವು ಚಿಕ್ಕತಾಯಿ ಮನೆ ಉಳ ನೋಡ್ಕಂಡು ಬಂದ್ರಂತಲ್ಲಕ್ಕ, ಎಂಗವೆ?"

ಒಳಗೆ ನೋಡಿದ್ದೆಲ್ಲ ನನ್ನ ನಾಲಿಗೆಯ ತುದಿಗೆ ಬಂತು. ನುಂಗಿಕೊಂಡೆ.

"ಅವೆ" ಅಂದೆ.